ಗೋಡೆ ಪಕ್ಕದ ಬೆಂಚು

ಬೇಗ ಒಪ್ಪಿಕೊಂಡವರನ್ನು ನಾನು ನಂಬುವುದಿಲ್ಲ. ಇದು ಹುಟ್ಟುಗುಣವೋ, ಮಾಡುವ ಕೆಲಸದಿಂದ ಬಂದದ್ದೋ ಗೊತ್ತಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ತಯಾರಾದ ಬುಷ್‌ಗಳನ್ನು, ಅಂದರೆ ನಡುವೆ ತೂತಿರುವ ಲೋಹದ ಉಂಗುರಗಳನ್ನು, ಪ್ಯಾಕಿಂಗಿಗೆ ಕಳಿಸುವ ಮೊದಲು ಒಂದೊಂದಕ್ಕೂ ಅಳತೆಯ ಗೇಜ್ ಹಾಕಿ ನೋಡುವುದು ನನ್ನ ಕೆಲಸ. ಗೇಜು ತೀರಾ ಸಲೀಸಾಗಿ ಒಳಗೆ ಹೋದರೆ ಖುಷಿಪಡಬಾರದು, ತೂತೇ ದೊಡ್ಡದಾಗಿರಬಹುದು ಎಂದು ಸೇರಿದ ದಿನವೇ ಹೇಳಿಕೊಟ್ಟಿದ್ದರು. ಆ ಪಾಠವನ್ನು ನಾನು ಮನೆಗೂ ಹೊತ್ತು ತಂದೆ ಎಂದು ನನ್ನ ಗಂಡ ಹಂಗಿಸುತ್ತಾರೆ. ನಿಜ ಇರಬಹುದು. ತಳ್ಳುಗಾಡಿಯವನು ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಕೊಟ್ಟರೆ ಅಲ್ಲೇ ನಿಂತು ಕಟ್ಟು ಬಿಚ್ಚಿ ನೋಡುವವಳು ನಾನು.

ಹಾಗಾಗಿ, ಶಾಲೆಯ ಹೆಡ್ ಮೇಡಂ ನನ್ನ ಮಗಳನ್ನು ಸೇರಿಸಿಕೊಳ್ಳುತ್ತೇವೆ ಎಂದು ನಗುನಗುತ್ತಾ ಹೇಳಿದಾಗ ನನಗೆ ಸಮಾಧಾನವಾಗುವ ಬದಲು ಅನುಮಾನ ಬಂತು.

ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಎರಡೂ ಕಿವಿಗೆ ಮಷೀನು ಇದೆ. ಮಷೀನು ಹಾಕಿದ ಕೂಡಲೇ ಎಲ್ಲ ಕೇಳಿಸುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ಆ ಮಷೀನಿಗೆ ಅಮ್ಮನ ಮಾತು ಯಾವುದು, ಫ್ಯಾನಿನ ಸದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಎಲ್ಲವನ್ನೂ ಸಮನಾಗಿ ಜೋರು ಮಾಡಿ ಕಿವಿಗೆ ತುರುಕುತ್ತದೆ. ಹತ್ತಿರ ಕೂತು ಮುಖ ನೋಡಿ ಮಾತಾಡಿದರೆ ಮಾತ್ರ, ಅರ್ಧ ಕಿವಿಯಲ್ಲಿ, ಅರ್ಧ ತುಟಿಯಲ್ಲಿ ಅವಳು ಮಾತು ಹಿಡಿಯುತ್ತಾಳೆ. ನಾಲ್ಕನೇ ಕ್ಲಾಸಿನವರೆಗೆ ಊರಿನ ಇನ್ನೊಂದು ತುದಿಯ ಕಿವುಡು ಮಕ್ಕಳ ಶಾಲೆಗೆ ಹೋಗುತ್ತಿದ್ದಳು. ಇನ್ನು ಮಾಮೂಲಿ ಶಾಲೆಗೆ ಹಾಕಿ, ಇವಳು ನಿಭಾಯಿಸುತ್ತಾಳೆ ಎಂದು ಅಲ್ಲಿನವರೇ ಹೇಳಿದರು. ನಾನು ಮನೆ ಹತ್ತಿರದ ಶಾಲೆಗಳನ್ನೆಲ್ಲ ಸುತ್ತಿದೆ. ಕೆಲವರು ಸೀಟಿಲ್ಲ ಎಂದರು. ಒಬ್ಬರು ಮಗಳ ಎದುರಿಗೇ, ಬೇರೆ ಮಕ್ಕಳ ಪೋಷಕರು ಏನನ್ನುತ್ತಾರೋ ಎಂದರು. ಅವಳು ತುಟಿ ಓದುತ್ತಾಳೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಕೊನೆಗೆ ಸಿಕ್ಕಿದ್ದು ಈ ಕನ್ನಡ ಶಾಲೆ. ಹಿಂದುಗಡೆ ಗೋಡೆಗೆ ಅಂಟಿಕೊಂಡಂತೆ ಒಂದು ಪ್ರೆಸ್ ಶಾಪ್. ತಗಡು ಒತ್ತುವ ಆ ಮಷೀನಿನ ಧಡ್ ಧಡ್ ಸದ್ದು ಶಾಲೆಯ ಅಂಗಳಕ್ಕೆಲ್ಲ ಕೇಳುತ್ತದೆ. ನಾನು ಅದನ್ನು ಗಮನಿಸಿದೆ. ಹೆಡ್ ಮೇಡಂ ಮಾತ್ರ, "ನಮ್ಗೆ ಎಲ್ಲಾ ಮಕ್ಳೂ ಒಂದೇ ಅಮ್ಮ. ನೀವೇನೂ ಯೋಚ್ನೆ ಮಾಡ್ಬೇಡಿ," ಎಂದರು.

"ಫಸ್ಟ್ ಬೆಂಚಲ್ಲೇ ಕೂರಿಸ್ಬೇಕು ಮೇಡಂ," ಎಂದೆ.

"ಫಸ್ಟ್ ಬೆಂಚೇ," ಎಂದರು. ಅದಕ್ಕೂ ತಡಮಾಡಲಿಲ್ಲ.

ಮೊದಲ ವರ್ಷ ಹಾಗೂ ಹೀಗೂ ಕಳೆಯಿತು. ಮಾರ್ಕ್ಸು ಪರವಾಗಿಲ್ಲ. ಆರನೇ ಕ್ಲಾಸಿಗೆ ಬಂದಮೇಲೆ ಮಾರ್ಕ್ಸು ಏರಿತು. ವಿಜ್ಞಾನದಲ್ಲಿ, ಸಮಾಜದಲ್ಲಿ ಒಳ್ಳೆಯ ಅಂಕ. ಗಂಡ ಮೈಸೂರ್ ಪಾಕ್ ತಂದರು. ನಾನು ಉತ್ತರ ಪತ್ರಿಕೆಗಳನ್ನು ಬೆಳಕಿಗೆ ಹಿಡಿದು, ಮೇಷ್ಟ್ರೇನಾದರೂ ತಿದ್ದಿ ಬರೆದಿದ್ದಾರಾ ಎಂದು ನೋಡಿದೆ.

"ಥೂ ನಿನ್ನ, ಮಗು ಓದಿದ್ರೂ ಕಷ್ಟ ನಿಂಗೆ," ಎಂದರು ಗಂಡ. ಅವರು ಟಾಟಾ ಏಸ್ ಓಡಿಸುತ್ತಾರೆ, ದಿನವಿಡೀ ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಕೂತರೂ ಮನುಷ್ಯರ ಮೇಲಿನ ನಂಬಿಕೆ ಹೋಗಿಲ್ಲ.

ನನ್ನ ಭಯ ಬೇರೆಯೇ ಇತ್ತು. ಪಾಪದ ಹುಡುಗಿ ಎಂದು ಮಾರ್ಕ್ಸು ಹಾಕಿ ಹಾಕಿ ಮುಂದಿನ ಕ್ಲಾಸಿಗೆ ತಳ್ಳಿಬಿಡುವುದು ಎಲ್ಲರಿಗೂ ಸುಲಭ. ಅವಳು ನಿಜವಾಗಿ ಕ್ಲಾಸಿನಲ್ಲಿ ಕೂತು ಕಲಿಯುತ್ತಿದ್ದಾಳೋ, ಇಲ್ಲಾ ಎಲ್ಲೋ ಮೂಲೆಯಲ್ಲಿ ಕೂರಿಸಿ ದಿನ ದೂಡುತ್ತಿದ್ದಾರೋ, ನನಗೆ ತಿಳಿಯಬೇಕಾಗಿದ್ದು ಅದೊಂದೇ. ತಳ್ಳಿಸಿಕೊಂಡು ಹತ್ತನೇ ಕ್ಲಾಸಿಗೆ ಹೋಗಿ ಅಲ್ಲಿ ಬಿದ್ದರೆ ಅವಳನ್ನು ಎತ್ತುವವರು ಯಾರು?

ಆ ಹೊತ್ತಿಗೇ ಅವಳ ಮಾತು ಬದಲಾಯಿತು.

ಒಂದು ದಿನ ರಾಗಿಮುದ್ದೆ ತಟ್ಟೆಗೆ ಹಾಕಲು ಹೋದರೆ ಕೈ ಅಡ್ಡ ಹಿಡಿದು, "ನಾ ವಲ್ಲೆ," ಎಂದಳು. ನನಗೆ ಅರ್ಥವಾಗಲಿಲ್ಲ. ಇನ್ನೊಂದು ದಿನ ಪೆನ್ಸಿಲ್ ಎಲ್ಲೇ ಎಂದರೆ, "ಅಲ್ಲೇ ಅದ ನೋಡು," ಎಂದಳು. ಬೈದರೆ, "ಹಂಗ್ಯಾಕ ಬೈತಿ?" ಎಂದಳು. ನಾವು ನೆಲಮಂಗಲದ ಕಡೆಯವರು. ನಮ್ಮ ಮನೆಯಲ್ಲಿ ಈ ಮಾತು ಆಡುವವರು ಯಾರೂ ಇಲ್ಲ. ಟಿವಿಯಲ್ಲಿ ಕಲಿತಿರಬೇಕು ಎಂದರು ಗಂಡ. ಟಿವಿಯ ಮಾತು ಅವಳಿಗೆ ತಿಳಿಯುವುದಿಲ್ಲ ಎಂದು ಅವರಿಗೂ ಗೊತ್ತು. ಹತ್ತಿರ ಕೂತು, ಮುಖಕ್ಕೆ ಮುಖ ಕೊಟ್ಟು, ಗಂಟೆಗಟ್ಟಲೆ ಯಾರೋ ಮಾತಾಡಿದರೆ ಮಾತ್ರ ಇವಳ ಬಾಯಿಗೆ ಮಾತು ಬರುತ್ತದೆ. ಯಾರದು?

ನನಗೆ ಥಟ್ಟನೆ ಹೊಳೆದಿದ್ದು ಶಾಲೆಯ ಆಯಾ. ರಾಯಚೂರಿನ ಕಡೆಯವಳು. ಕಸ ಗುಡಿಸುವುದು, ಗೇಟು ಕಾಯುವುದು, ಮಧ್ಯಾಹ್ನದ ಅಡುಗೆಗೆ ಕೈಜೋಡಿಸುವುದು ಎಲ್ಲ ಅವಳದೇ. ಮಗಳನ್ನು ಬಿಡಲು ಹೋದಾಗ ಅವಳ ಮಾತು ಕೇಳಿದ್ದೆ. ಅದೇ ವಾರ ಮಗಳ ಬೆರಳು ಮೆಂತ್ಯ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು. "ಸೊಪ್ಪು ಬಿಡಿಸಿದ್ಯಾ?" ಎಂದು ಕೇಳಿದೆ. "ಹೂಂ," ಎಂದು ನಕ್ಕಳು. "ಯಾವಾಗ?" ಎಂದರೆ ಕಿವಿಯ ಮಷೀನು ತೆಗೆದಿಟ್ಟು ಹೊದ್ದು ಮಲಗಿದಳು. ಮಾತು ಬೇಡವಾದಾಗ ಅವಳು ಮಾಡುವುದೇ ಹಾಗೆ.

ನನ್ನ ತಲೆಯಲ್ಲಿ ಎಲ್ಲ ಜೋಡಣೆಯಾಗಿಹೋಯಿತು. ಪಾಠಕ್ಕೆ ತೊಂದರೆ ಎಂದು ಇವಳನ್ನು ಆಯಾ ಹತ್ತಿರ ಕೂರಿಸುತ್ತಿದ್ದಾರೆ. ಸೊಪ್ಪು ಬಿಡಿಸಲು ಹಚ್ಚಿದ್ದಾರೆ. ಬಾಯಿ ಮುಚ್ಚಿಸಲು ಮಾರ್ಕ್ಸು ಹಾಕುತ್ತಿದ್ದಾರೆ. ಮರುದಿನ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಶಾಲೆಗೆ ಹೋದೆ.

ಗೇಟಿನಲ್ಲಿ ಅದೇ ಆಯಾ. "ಯಾರ್ ಬೇಕಾಗಿತ್ರಿ ಅಕ್ಕಾರ?" ಎಂದಳು.

"ನನ್ ಮಗ್ಳು ಎಲ್ಲಿದಾಳೆ?"

"ಸಾಲ್ಯಾಗ ಇರ್ಬೇಕಲ್ರಿ, ಮತ್ತೆಲ್ಲಿ ಇರ್ತಾಳ?"

ಉತ್ತರ ಇಷ್ಟು ಸಲೀಸಾಗಿ ಬಂದದ್ದು ನನಗೆ ಹಿಡಿಸಲಿಲ್ಲ. ಮೊದಲು ಅಡುಗೆ ಕೋಣೆಗೆ ಇಣುಕಿದೆ. ಅಲ್ಲಿ ಸೊಪ್ಪಿನ ರಾಶಿ ಇತ್ತು, ಮಗಳಿರಲಿಲ್ಲ. ಆಯಾ ಹಿಂದೆಯೇ ಬಂದು, "ಏನ್ ಹುಡುಕ್ಲಿಕತ್ತೀರಿ?" ಎಂದು ನನ್ನನ್ನೇ ಅನುಮಾನದಿಂದ ನೋಡಿದಳು. ನಾನು ನೇರ ಆರನೇ ಕ್ಲಾಸಿನ ಕಿಟಕಿಗೆ ಹೋದೆ.

ಮೊದಲ ಬೆಂಚಿನಲ್ಲಿ ಮಗಳಿಲ್ಲ. ನೋಡಿದೆಯಾ, ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ನುಗ್ಗಬೇಕು ಎನ್ನುವಷ್ಟರಲ್ಲಿ ಅವಳ ಕೆಂಪು ರಿಬ್ಬನ್ನು ಕಂಡಿತು. ನಡುವಿನ ಸಾಲಿನಲ್ಲಿ, ಗೋಡೆ ಪಕ್ಕದ ಬೆಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಅಡ್ಡ ಕೂತಿದ್ದಾಳೆ. ಎದುರಿಗೆ ಇನ್ನೊಬ್ಬ ಹುಡುಗಿ. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳೂ ಬೋರ್ಡಿನ ಕಡೆ ನೋಡದೆ ನನ್ನ ಮಗಳ ಕಡೆಗೇ ತಿರುಗಿ, ಒಂದೇ ಸಮನೆ ಬಾಯಾಡಿಸುತ್ತಿದ್ದಾಳೆ.

ಹರಟೆ, ಎಂದುಕೊಂಡೆ. ಪಾಠದ ಹೊತ್ತಿನಲ್ಲಿ ಹರಟೆ. ಮೇಷ್ಟ್ರಿಗೂ ಕಾಳಜಿಯಿಲ್ಲ.

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಾ, ಬರೆದದ್ದನ್ನು ಬೋರ್ಡಿಗೇ ಹೇಳುತ್ತಿದ್ದರು. ಐವತ್ತು ದಾಟಿದವರು. ಒಮ್ಮೆ ಇತ್ತ ತಿರುಗಿದಾಗ ಅವರ ಮೀಸೆ ಕಂಡಿತು. ಮೇಲಿನ ತುಟಿ ಪೂರ್ತಿ ಮುಚ್ಚಿ ಕೆಳಗಿನ ತುಟಿಯವರೆಗೂ ಇಳಿದ ಪೊದೆಮೀಸೆ. ಆಮೇಲೆ ಮೆಲ್ಲಗೆ ನನಗೆ ಒಂದೊಂದೇ ಕಾಣತೊಡಗಿತು. ಮೇಷ್ಟ್ರು ನಿಲ್ಲಿಸಿದಾಗ ಜಡೆಯ ಹುಡುಗಿಯ ಬಾಯಿಯೂ ತುಸು ತಡೆದು ನಿಲ್ಲುತ್ತಿತ್ತು. ಅವರು ಶುರುಮಾಡಿದರೆ ಅವಳೂ ಶುರು. ಪ್ರೆಸ್ ಶಾಪ್ ಧಡ್ ಎಂದಾಗ ಅವಳು ಮುಖವನ್ನು ಇನ್ನಷ್ಟು ಹತ್ತಿರ ತರುತ್ತಿದ್ದಳು. ಅವಳ ತುಟಿ ನೋಡುತ್ತಾ ನನ್ನ ಮಗಳು ಬರೆದುಕೊಳ್ಳುತ್ತಿದ್ದಳು. ಮೇಷ್ಟ್ರು ಹೇಳಿದ್ದನ್ನೆಲ್ಲ ಆ ಹುಡುಗಿ ತನ್ನ ಮಾತಿನಲ್ಲಿ ನನ್ನ ಮಗಳಿಗೆ ಮತ್ತೊಮ್ಮೆ ಹೇಳುತ್ತಿದ್ದಳು. ಕಿವಿಗೊಟ್ಟರೆ ಆಯಾಳದೇ ಮಾತಿನ ಧಾಟಿ. ನನ್ನ ಮಗಳು ವಿಜ್ಞಾನ ಕಲಿತದ್ದೇ ರಾಯಚೂರಿನ ಕನ್ನಡದಲ್ಲಿ.

ಬೆಲ್ಲು ಹೊಡೆದ ಮೇಲೆ ಮೇಷ್ಟ್ರನ್ನು ವರಾಂಡದಲ್ಲಿ ಹಿಡಿದೆ. ಫಸ್ಟ್ ಬೆಂಚು ಎಂದು ಮಾತಾಗಿತ್ತಲ್ಲ ಸಾರ್ ಎಂದು ದಬಾಯಿಸಿದೆ.

"ನಾನ್ ಕೂರ್ಸಿದ್ದು ಅಲ್ಲೇ ಅಮ್ಮ," ಎಂದರು ಅವರು. "ಒಂದ್ ವಾರ ಕೂತ್ಳು. ಆಮೇಲೆ ಅವ್ಳಾಗಿ ಎದ್ದು ಅಲ್ಲಿಗೆ ಹೋದ್ಳು. ನಿಮ್ ಬಾಯಿ ಕಾಣಲ್ಲ ಸಾರ್ ಅಂದ್ಳು. ಆ ಹುಡ್ಗಿ ನಮ್ಮ ಆಯಾ ಮಗ್ಳು. ಇಬ್ರೂ ಜೋಡಿ. ಊಟದ್ ಹೊತ್ತಲ್ಲೂ ಅಡ್ಗೆಮನೇಲೇ ಇರ್ತಾರೆ."

ಸೊಪ್ಪಿನ ವಾಸನೆಗೂ ಕಾರಣ ಸಿಕ್ಕಿತು. ಸಮಾಧಾನವಾಯಿತು ಎಂದೇ ಹೇಳಬೇಕು. ಅವಳು ಕ್ಲಾಸಿನಲ್ಲೇ ಇದ್ದಾಳೆ, ಕಲಿಯುತ್ತಿದ್ದಾಳೆ. ಆದರೆ ಕಾರ್ಖಾನೆಗೆ ಹೋಗಲು ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಹುಳ ತಲೆಗೆ ಹೊಕ್ಕಿತು. ಈ ಶಾಲೆಯವರು ನನ್ನ ಮಗಳಿಗಾಗಿ ಮಾಡಿದ್ದಾದರೂ ಏನು? ಬೆಂಚು ಕೊಟ್ಟರು, ಹಾಜರಿ ಕರೆದರು. ಕಲಿಸಿದ್ದು ಇನ್ನೊಂದು ಮಗು. ಆ ಮಗುವಿನ ಮನೆಯವರಿಗೆ ಇದು ಗೊತ್ತಿದೆಯಾ? ಗೊತ್ತಾದರೆ ಸುಮ್ಮನಿರುತ್ತಾರಾ? ಆಯಾ ನನ್ನನ್ನು ನೋಡಿದ ನೋಟ ನೆನಪಾಯಿತು.

ಅಂದುಕೊಂಡ ಹಾಗೇ ಆಯಿತು. ದಸರಾ ರಜೆ ಮುಗಿದು ಕೆಲವು ದಿನಕ್ಕೆ ಮಗಳು ಮನೆಗೆ ಬಂದವಳೇ ಬ್ಯಾಗು ಎಸೆದು ಮೂಲೆಯಲ್ಲಿ ಕೂತಳು. ಕಾಡಿ ಬೇಡಿ ಕೇಳಿದ್ದಕ್ಕೆ, "ನಾವು ಈಗ ಕೂಡಿ ಕುಂದ್ರಂಗಿಲ್ಲ," ಎಂದಳು.

"ಯಾರ್ ಬೇರೆ ಮಾಡಿದ್ದು?"

"ಸಾರ್."

"ಯಾಕೆ?"

"ಸುಮ್ನ."

ಸುಮ್ಮನೆ ಯಾರೂ ಏನೂ ಮಾಡುವುದಿಲ್ಲ. ಆ ಭಾನುವಾರ ತರಕಾರಿ ಅಂಗಡಿಯ ಮುಂದೆ ಆಯಾ ಎದುರಿಗೆ ಸಿಕ್ಕಳು. ನನ್ನನ್ನು ಕಂಡವಳೇ ಮುಖ ತಿರುಗಿಸಿ ಹೋದಳು. ನನಗೆ ಅಷ್ಟು ಸಾಕಾಯಿತು. ಇಂಥದ್ದು ನಮಗೆ ಹೊಸದಲ್ಲ. ಹಿಂದೆ ಬಾಡಿಗೆಗಿದ್ದ ವಠಾರದಲ್ಲಿ ಓನರ್ ಹೆಂಗಸು ನನ್ನ ಮಗಳು ಆಟಕ್ಕೆ ಇಳಿದ ಕೂಡಲೇ ತನ್ನ ಮೊಮ್ಮಕ್ಕಳನ್ನು ಒಳಗೆ ಕರೆಯುತ್ತಿದ್ದಳು. "ಕಿವ್ಡು ಜೊತೆ ಆಡ್ಬೇಡ ಕಣೋ, ನಿಂಗೂ ಮಾತ್ ಬರಲ್ಲ," ಎಂದು ಒಮ್ಮೆ ನನ್ನ ಕಿವಿಗೇ ಬಿದ್ದಿತ್ತು. ಅಂಥವರೆಲ್ಲ ದೊಡ್ಡ ಮನೆಯವರು, ಬಡವರು ಹಾಗಲ್ಲ ಎಂದು ಅಂದುಕೊಂಡಿದ್ದೆ. ಎಲ್ಲರೂ ಅಷ್ಟೇ ಎನ್ನಿಸಿತು.

ಸೋಮವಾರ ಮತ್ತೆ ರಜೆ. ಸೂಪರ್‌ವೈಸರ್ ಗೊಣಗಿದರು, ಗೊಣಗಲಿ. ಆಯಾ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ನಾನು ಎದುರಿಗೆ ನಿಂತು ಪೀಠಿಕೆಯಿಲ್ಲದೆ ಕೇಳಿದೆ.

"ನನ್ ಮಗಳ ಪಕ್ಕ ನಿನ್ ಮಗಳು ಕೂರ್ಬಾರ್ದು ಅಂತ ಹೇಳಿದ್ದು ನೀನೇ ತಾನೆ?"

ಅವಳು ಪಾತ್ರೆ ಬಿಟ್ಟು ಎದ್ದಳು. ಕೈತುಂಬ ಬೂದಿ. "ನಾ ಯಾಕ ಬ್ಯಾಡಂತೀನ್ರಿ? ಈ ಊರಿಗಿ ಬಂದಾಗಿಂದ ನನ್ನ ಮಗಳು ಬಾಯಿ ತೆರೆದ್ರ ಸಾಕು, ಎಲ್ಲಾ ಹುಡುಗ್ರೂ ಅಣಕಸ್ತಾರ. ಸಾಲೀಗಿ ವಲ್ಲೆ ಅಂತ ದಿನಾ ಅಳ್ತಿತ್ತು. ನಿಮ್ಮಕಿ ಒಬ್ಬಾಕಿನ ನಗಲಿಲ್ಲ. ಸುಮ್ಮ ಬಾಯಿ ನೋಡಿಕೋತ ಕುಂತಳು. ಆವತ್ತಿನಿಂದ ನನ್ನ ಮಗಳು ಅಳೂದು ಬಿಟ್ಟಾಳ. ಅಂಥಾಕೀನ ನಾ ಬಿಡಸ್ತೀನೇನ್ರಿ?"

"ಹಂಗಾದ್ರೆ ನನ್ ನೋಡಿ ಮುಖ ತಿರುಗಿಸ್ಕೊಂಡ್ ಹೋದ್ಯಲ್ಲ?"

"ನೀವ ಬಿಡಿಸೀರಂತ ತಿಳಕೊಂಡೀನಿ," ಎಂದಳು. "ಅವತ್ತ ಬಂದು ಅಡಗಿಮನಿ ಎಲ್ಲಾ ಹುಡುಕಿದ್ರಿ. ಕಿಟಕ್ಯಾಗ ನಿಂತು ನನ್ನ ಮಗಳನ್ನ ದುರುಗುಟ್ಟಿ ನೋಡಿದ್ರಿ. ನಮ್ಮ ಮಾತು ಹತ್ತಿ ನಿಮ್ಮ ಹುಡುಗಿ ಮಾತು ಕೆಡ್ತದಂತ ನೀವ ಸಾರಿಗಿ ಹೇಳೀರಿ ಅಂತ ಮಾಡಿದ್ದೆ."

ನಲ್ಲಿ ನೀರು ಹರಿದುಹೋಗುತ್ತಿತ್ತು, ಅವಳೇ ಬಾಗಿ ನಿಲ್ಲಿಸಿದಳು. ನನ್ನಷ್ಟೇ ಅನುಮಾನದ ಹೆಂಗಸನ್ನು ನಾನು ಮೊದಲ ಸಲ ನೋಡಿದ್ದು. ನಗು ಬರಬೇಕಾಗಿತ್ತು, ಬರಲಿಲ್ಲ. ಅವಳಲ್ಲ, ನಾನಲ್ಲ ಎಂದಮೇಲೆ ಉಳಿದದ್ದು ಮೇಷ್ಟ್ರು ಒಬ್ಬರೇ. ಮಕ್ಕಳಿಬ್ಬರೂ ಪಾಠದಲ್ಲಿ ಬಾಯಾಡಿಸುವುದು ಅವರಿಗೆ ಕಿರಿಕಿರಿಯಾಗಿರಬೇಕು. ನಾನು ಬಂದು ದಬಾಯಿಸಿದ ಸಿಟ್ಟೂ ಇರಬೇಕು. "ಬಾ ನನ್ ಜೊತೆ," ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಳು.

ಮೇಷ್ಟ್ರು ಸ್ಟಾಫ್ ರೂಮಿನಿಂದ ಕ್ಲಾಸಿಗೆ ಹೊರಟಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ನಿಂತರು.

"ಮಕ್ಳನ್ನ ಯಾಕ್ ಸಾರ್ ಬೇರೆ ಮಾಡಿದ್ರಿ? ನನ್ ಮಗ್ಳಿಗೆ ಆ ಹುಡ್ಗಿ ಬಿಟ್ರೆ ಪಾಠ ಹೇಳೋರ್ ಯಾರು? ನೀವಂತೂ ಬೋರ್ಡಿಗೇ ಹೇಳ್ತೀರಿ."

ಅವರಿಗೆ ಸಿಟ್ಟು ಬರುತ್ತದೆ ಎಂದು ಕಾದಿದ್ದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ತಿರುಗಿಸುತ್ತಾ ಆಯಾ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ನಿಮ್ ಮಗ್ಳೇ ಬಂದು ಕೇಳಿದ್ದಮ್ಮ," ಎಂದರು.

"ಸುಳ್ಳು," ಎಂದೆ. ಬಾಯಿಂದ ಹಾಗೇ ಬಂದುಬಿಟ್ಟಿತು.

"ಗಣಿತದ ಪೇಪರ್ ಕೊಟ್ಟ ದಿನ. ಇವ್ರ ಮಗ್ಳು ಫೇಲಾಗಿದ್ಳು. ಬೋರ್ಡ್ ಮೇಲಿನ ಲೆಕ್ಕ ನೋಡಿದ್ರೆ ತಾನೆ ಬರೋದು? ಅವ್ಳು ಬೋರ್ಡ್ ನೋಡೋದೇ ಇಲ್ಲ, ನಿಮ್ ಮಗಳ ಮುಖ ನೋಡ್ಕೊಂಡ್ ಹೇಳ್ತಾನೇ ಇರ್ತಾಳೆ. ನಂಗೂ ಅದು ಹೊಳ್ದಿರ್ಲಿಲ್ಲ. ಎಲ್ರೂ ಹೋದ್ಮೇಲೆ ನಿಮ್ ಮಗ್ಳು ಟೇಬಲ್ ಹತ್ರ ಬಂದ್ಳು. 'ಅಕಿ ನನ್ನ ಸಲುವಾಗಿ ಬೋರ್ಡ್ ನೋಡಂಗಿಲ್ಲ ಸಾರ್. ನನ್ನನ್ನ ಮೊದಲಿನ ಬೆಂಚಿಗಿ ಕುಂದರ್ಸ್ರಿ' ಅಂದ್ಳು. ನನ್ ಮಾತು ನಿಂಗೆ ತಿಳಿಯಲ್ವಲ್ಲಮ್ಮ ಅಂದೆ. 'ನೀವು ಈ ಕಡೆ ತಿರುಗಿ ಹೇಳ್ರಿ. ಮೀಸಿ ಸಣ್ಣ ಮಾಡ್ಕೋರಿ' ಅಂದ್ಳು. ಮನೇಲಿ ಹೇಳ್ಬೇಡಿ, ನಮ್ಮಮ್ಮ ಬಂದು ಜಗಳ ಆಡ್ತಾಳೆ ಅಂತಾನೂ ಹೇಳಿದ್ಳು."

ಆಗಲೇ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದು. ಪೊದೆಮೀಸೆ ಹೋಗಿ ತೆಳ್ಳಗೆ ಒಂದು ಗೆರೆ ಉಳಿದಿತ್ತು. ಬಹಳ ವರ್ಷದಿಂದ ಬಿಸಿಲು ಕಾಣದ ಮೇಲಿನ ತುಟಿ ಬೆಳ್ಳಗಿತ್ತು. ಅವರು ನಾಚಿಕೆಯಿಂದಲೋ ಏನೋ ಅದರ ಮೇಲೆ ಬೆರಳಾಡಿಸಿಕೊಂಡರು. ಆಯಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

"ನನ್ನ ಮಗಳ ಸಲುವಾಗಿ ಹಂಗಂದಳೇನ್ರಿ?" ಎಂದು ಮತ್ತೆ ಮತ್ತೆ ಕೇಳಿದಳು. ಮೇಷ್ಟ್ರು ತಲೆಯಾಡಿಸಿ ಕ್ಲಾಸಿಗೆ ಹೋದರು.

ನಾನು ಕಿಟಕಿಗೆ ಹೋದೆ. ಮಗಳು ಮೊದಲ ಬೆಂಚಿನಲ್ಲಿದ್ದಳು, ಒಬ್ಬಳೇ. ಗೋಡೆ ಪಕ್ಕದ ಬೆಂಚಿನಲ್ಲಿ ಜಡೆಯ ಹುಡುಗಿ ಬೋರ್ಡು ನೋಡಿ ಲೆಕ್ಕ ಬರೆದುಕೊಳ್ಳುತ್ತಿದ್ದಳು. ಮೇಷ್ಟ್ರು ಇತ್ತ ಮುಖ ಮಾಡಿ ಪಾಠ ಶುರುಮಾಡಿದರು. ಮಗಳು ಕತ್ತು ಮುಂದೆ ಚಾಚಿ, ಹುಬ್ಬು ಗಂಟು ಹಾಕಿ ಅವರ ಬಾಯಿಯನ್ನೇ ನೋಡುತ್ತಿದ್ದಳು. ಅವಳಿಗೆ ಪೂರ್ತಿ ಸಿಗುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಎರಡು ಪದ ಬರೆಯುತ್ತಾಳೆ, ಜಾಗ ಬಿಡುತ್ತಾಳೆ, ಮತ್ತೆ ಒಂದು ಪದ. ಹಿಂದೆ ತಿರುಗಿ ಒಮ್ಮೆ ನೋಡಿದರೆ ಆ ಹುಡುಗಿ ಹೇಳಿಯೇ ಹೇಳುತ್ತಾಳೆ. ಅವಳು ತಿರುಗಲಿಲ್ಲ. ತಿರುಗೇ, ಎಂದು ಕಿಟಕಿಯಾಚೆಯಿಂದ ಕೂಗಬೇಕೆನಿಸಿತು. ನನ್ನ ಮಗಳು ಗೆಳತಿಗಾಗಿ ತನ್ನ ಪಾಠವನ್ನೇ ಅರ್ಧ ಬಿಟ್ಟುಕೊಟ್ಟಿದ್ದಾಳೆ ಎಂದು ಹೆಮ್ಮೆಯಾಯಿತು. ಅವಳೇ ಯಾಕೆ ಬಿಟ್ಟುಕೊಡಬೇಕು ಎಂದು ಅಳುವೂ ಬಂತು. ಶಾಲೆ ಮಾಡಬೇಕಾದ ಕೆಲಸವನ್ನು ಇಬ್ಬರು ಹುಡುಗಿಯರು ತಮ್ಮೊಳಗೇ ಹಂಚಿಕೊಂಡು, ಒಬ್ಬಳು ಸೋತಾಗ ಇನ್ನೊಬ್ಬಳು ಎದ್ದು ಬಂದಿದ್ದಳು.

ಮೇಷ್ಟ್ರು ಲೆಕ್ಕ ಬರೆಯಲು ಬೋರ್ಡಿಗೆ ತಿರುಗಿದರು. ತಿರುಗಿದವರೇ ಹಳೆಯ ಅಭ್ಯಾಸದಂತೆ ಬೋರ್ಡಿಗೇ ಹೇಳತೊಡಗಿದರು. ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಮಗಳ ಕೈ ಮೇಲೆ ಹೋಯಿತು.

"ಸಾರ್, ಈ ಕಡೆ," ಎಂದಳು. ಇಡೀ ಕ್ಲಾಸಿಗೆ ಕೇಳಿಸುವಷ್ಟು ಜೋರಾಗಿ.

ಯಾರೋ ಕಿಸಕ್ಕೆಂದರು. ಮೇಷ್ಟ್ರು ನಾಲಿಗೆ ಕಚ್ಚಿಕೊಂಡು ತಿರುಗಿ, ಹೇಳಿದ್ದನ್ನು ಮತ್ತೆ ಹೇಳಿದರು. ಆಯಾ ನನ್ನ ತೋಳು ಮುಟ್ಟಿ, "ಇನ್ನ ನಡೀರಿ ಅಕ್ಕಾರ, ಸರಿ ಆತು," ಎಂದಳು. ನಾನು ಅಲ್ಲಾಡಲಿಲ್ಲ. ಇಷ್ಟು ವರ್ಷದ ಅಭ್ಯಾಸ ಒಂದು ಸಲಕ್ಕೆ ಹೋಗುತ್ತದೆ ಎಂದು ನಾನು ನಂಬುವವಳಲ್ಲ. ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬೋರ್ಡಿಗೆ ತಿರುಗಿದರು, ಮತ್ತೆ ಅದಕ್ಕೇ ಹೇಳತೊಡಗಿದರು.

ಅವಳು ಮತ್ತೆ ಕೈ ಎತ್ತಿದಳು.